ಹಟ್ಟಿಯಲ್ಲಿ ಬಿಟ್ಟುಬಂದ ಸಿರಿಂಜು

ಆ ವರ್ಷ ಕುರಿಗಳ ಲಸಿಕೆ ಕೆಲಸ ಶುರುವಾಗುವ ಹೊತ್ತಿಗೆ ನನಗೊಂದು ವಿಚಿತ್ರ ಅಭ್ಯಾಸ ಅಂಟಿಕೊಂಡಿತ್ತು. ಬೆಳಗ್ಗೆ ಪಶು ಆಸ್ಪತ್ರೆಯ ಮುಂದೆ ಸ್ಕೂಟಿ ನಿಲ್ಲಿಸಿದ ಮೇಲೆ ಇಳಿಯುತ್ತಿರಲಿಲ್ಲ. ಹೆಲ್ಮೆಟ್ಟೂ ತೆಗೆಯುತ್ತಿರಲಿಲ್ಲ. ಬೇವಿನ ಮರದ ಕೆಳಗೆ ಹತ್ತು ನಿಮಿಷ, ಕೆಲವು ದಿನ ಇಪ್ಪತ್ತು ನಿಮಿಷ, ಹಾಗೇ ಕುಳಿತಿರುತ್ತಿದ್ದೆ. ಒಳಗೆ ಹೋದರೆ ಯಾರಾದರೂ ಮಾತನಾಡಿಸುತ್ತಾರಲ್ಲ ಎಂಬುದೇ ಭಯ. ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದ ನಮ್ಮ ಆಸ್ಪತ್ರೆಯ ಸಹಾಯಕರು ಕಿಟಕಿಯಿಂದ ನೋಡಿ, ದನ ಹಿಡಿದುಕೊಂಡು ಬಂದವರಿಗೆ "ಮೇಡಮ್ಮೋರು ಫೋನಲ್ಲಿ ಅವ್ರೆ, ಕುಂತ್ಕಳ್ರಿ" ಎಂದು ಹೇಳಿ ನಿಭಾಯಿಸುತ್ತಿದ್ದರಂತೆ. ಇದು ನನಗೆ ಗೊತ್ತಾದದ್ದು ಎಷ್ಟೋ ದಿನಗಳ ಮೇಲೆ.

ನಾನು ಹಿರಿಯೂರು ತಾಲ್ಲೂಕಿನಲ್ಲಿ ಪಶುಸಂಗೋಪನೆ ಇಲಾಖೆಯ ಪರೀಕ್ಷಕಿ. ಡಾಕ್ಟರಲ್ಲ. ಆದರೆ ಕುರಿಗಾರರ ಹಟ್ಟಿಗಳಲ್ಲಿ ಸೂಜಿ ಹಿಡಿದವರೆಲ್ಲ ಡಾಕ್ಟರೇ, ಹೆಂಗಸಾದರೆ ಡಾಕ್ಟ್ರಮ್ಮ. ತಿದ್ದಿ ತಿದ್ದಿ ಸಾಕಾಗಿ ಆ ಬಿರುದನ್ನು ಒಪ್ಪಿಕೊಂಡಿದ್ದೆ. ನನ್ನದೊಂದು ಆಸ್ಪತ್ರೆಯ ಜೊತೆಗೆ ಹರಿಯಬ್ಬೆ ಕಡೆಯ ಇನ್ನೆರಡು ಕೇಂದ್ರಗಳ ಹೆಚ್ಚುವರಿ ಹೊಣೆಯೂ ನನ್ನ ಮೇಲಿತ್ತು. ಅಲ್ಲಿದ್ದ ಒಬ್ಬರು ನಿವೃತ್ತರಾಗಿದ್ದರು, ಇನ್ನೊಬ್ಬರು ವರ್ಗವಾಗಿ ಹೋಗಿದ್ದರು. "ಒಂದೆರಡು ತಿಂಗಳು ನೋಡ್ಕೊಳಮ್ಮ" ಎಂದಿದ್ದರು ನಮ್ಮ ವೈದ್ಯಾಧಿಕಾರಿಗಳು. ಆ ಒಂದೆರಡು ತಿಂಗಳು ಒಂದೂವರೆ ವರ್ಷವಾಗಿತ್ತು. ನಾನೂ ಬಾಯಿ ಬಿಟ್ಟಿರಲಿಲ್ಲ. ಆಗಲ್ಲ ಎನ್ನುವುದು ನನ್ನ ಜಾಯಮಾನದಲ್ಲೇ ಇಲ್ಲ. ಎಲ್ಲದಕ್ಕೂ ಹೂಂ ಎಂದು ಬಂದು, ಆಮೇಲೆ ಮನೆಯಲ್ಲಿ ಪಾತ್ರೆ ಕುಕ್ಕುವುದು ನನ್ನ ದಾರಿ.

ಬೆಳಗ್ಗೆ ಕರು ಹಾಕಲು ತಿಣುಕುವ ಹಸು, ಮಧ್ಯಾಹ್ನ ದನಗಳ ಕಿವಿಗೆ ನಂಬರಿನ ಓಲೆ ಹಾಕುವುದು, ಸಂಜೆ ಇದನ್ನೆಲ್ಲ ಮೊಬೈಲಿನಲ್ಲಿ ತುಂಬುವುದು. ಅರ್ಧ ತುಂಬಿದಾಗ ನೆಟ್‌ವರ್ಕ್ ಹೋಗುತ್ತದೆ. ಅದೇ ಹೊತ್ತಿಗೆ ವಾಟ್ಸಾಪ್ ಗುಂಪಿನಲ್ಲಿ ವೈದ್ಯಾಧಿಕಾರಿ ಸಾಹೇಬರ ಸಂದೇಶ ಬರುತ್ತದೆ: "ಇಂದಿನ ಪ್ರಗತಿ?" ಆ ಎರಡು ಪದ ಕಂಡರೆ ಫೋನನ್ನು ಬೋರಲು ಇಡುತ್ತಿದ್ದೆ. ಮೊದಮೊದಲು ಸಿಟ್ಟಾದರೂ ಬರುತ್ತಿತ್ತು. ಕ್ರಮೇಣ ಸಿಟ್ಟೂ ಬರದಾಯಿತು.

ರಕ್ತ ಕಡಿಮೆಯಾಗಿರಬೇಕು ಅಂದುಕೊಂಡು ಕಬ್ಬಿಣದ ಮಾತ್ರೆ ನುಂಗಿದೆ. ಆಮೇಲೆ ಥೈರಾಯ್ಡ್ ಇರಬಹುದೆಂದು ಹಿರಿಯೂರಿನಲ್ಲಿ ಪರೀಕ್ಷೆ ಮಾಡಿಸಿದೆ. ಎಲ್ಲ ಸರಿಯಾಗಿದೆ ಎಂದು ಬಂತು. ಆ ಕಾಗದ ನೋಡಿ ನನಗೆ ಸಮಾಧಾನವಾಗುವ ಬದಲು ನಿರಾಸೆಯಾಯಿತು. "ಏನಾದ್ರೂ ಕಾಯಿಲೆ ಸಿಕ್ಕಿದ್ರೆ ಒಂದು ವಾರ ಮಲಗಬಹುದಿತ್ತು" ಎಂದು ಮನೆಯವರ ಮುಂದೆ ಅಂದೆ. ಅವರು ತಮಾಷೆ ಅಂದುಕೊಂಡು ನಕ್ಕರು. ನಾನು ನಗಲಿಲ್ಲ. ಅದೇ ವಾರ ಒಂದು ಎಮ್ಮೆಕರು ನನ್ನ ಕೈಯಲ್ಲೇ ಸತ್ತಿತು. ಸಾಕಿದ ಹೆಂಗಸು ಅದರ ಕುತ್ತಿಗೆ ತಬ್ಬಿಕೊಂಡು ಅಳುತ್ತಿದ್ದರೆ, ನಾನು ನಿಂತು ಈ ಸಾವನ್ನು ಮೊಬೈಲಿನ ಯಾವ ಅಂಕಣದಲ್ಲಿ ತುಂಬಬೇಕು ಎಂದು ಯೋಚಿಸುತ್ತಿದ್ದೆ. ಹಿಂದೆಲ್ಲ ಹೀಗಾದರೆ ನನಗೆ ಎರಡು ದಿನ ಊಟ ಸೇರುತ್ತಿರಲಿಲ್ಲ.

ಈಗ ಆ ಹಟ್ಟಿಯ ಮಾತು. ನಮ್ಮ ಆಸ್ಪತ್ರೆಯಿಂದ ಆರು ಕಿಲೋಮೀಟರ್ ದೂರದ ಕಲ್ಲುಗುಡ್ಡದ ಬುಡದಲ್ಲಿ ಹತ್ತು ಹನ್ನೆರಡು ಮನೆ, ಎಲ್ಲರದ್ದೂ ಸೇರಿ ಮುನ್ನೂರು ಕುರಿ. ಸುಗ್ಗಿ ಮುಗಿದ ಮೇಲೆ ಇವರು ಮಂದೆ ಹೊಡೆದುಕೊಂಡು ಚಿತ್ರದುರ್ಗ ದಾಟಿ ಭರಮಸಾಗರದ ಕಡೆ ಹೋಗುತ್ತಾರೆ. ಅಲ್ಲಿನ ರೈತರು ಗೊಬ್ಬರಕ್ಕಾಗಿ ಕೊಯ್ಲಾದ ಹೊಲಗಳಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ಬಸುರಿ ಕುರಿ, ಮುದಿ ಕುರಿ, ಮರಿಗಳಷ್ಟೇ ಹಟ್ಟಿಯಲ್ಲಿ ಉಳಿಯುವುದು.

ಹಟ್ಟಿಗೆ ಹಿರಿಯಳು ಒಬ್ಬ ಅಜ್ಜಿ. ಮಂದೆಯ ಮುಂದಾಳು ಅವಳ ಮಗ, ಆದರೆ ಮಗನಿಗೆ ಮುಂದಾಳು ಅಜ್ಜಿ. ಆ ಹಟ್ಟಿಯಲ್ಲಿ ಎರಡು ಕಟ್ಟಳೆ. ಕುರಿ ಕೂಡುವ ಮುಳ್ಳುಬೇಲಿಯ ರೊಪ್ಪಕ್ಕೆ ಯಾರೂ ಚಪ್ಪಲಿ ಮೆಟ್ಟಿ ಹೋಗುವಂತಿಲ್ಲ, ಕಲೆಕ್ಟರ್ ಬಂದರೂ ಬರಿಗಾಲೇ. ಎರಡನೆಯದು ಕೋಲಿನದು. ಮಂದೆಯ ಜೊತೆ ಹೋದವರು ತಿಂಗಳಿಗೊಮ್ಮೆ ಬದಲಾಗಬೇಕು. ಹಿಂದಿರುಗಿ ಬಂದವನು ಮೊದಲು ತನ್ನ ಕೋಲನ್ನು ಅಜ್ಜಿಗೆ ಒಪ್ಪಿಸುತ್ತಾನೆ. ಅವಳು ಅದನ್ನು ತನ್ನ ಗುಡಿಸಲಿನ ಸೂರಿಗೆ ಸಿಕ್ಕಿಸುತ್ತಾಳೆ. ಅವಳಾಗಿ ತೆಗೆದು ಕೊಡುವವರೆಗೆ ಅವನು ಕುರಿ ಮೇಯಿಸುವಂತಿಲ್ಲ. ಒಬ್ಬನಿಗೆ ನಾಲ್ಕು ದಿನಕ್ಕೆ ಕೊಡುತ್ತಾಳೆ, ಇನ್ನೊಬ್ಬನಿಗೆ ಹದಿನೈದು ದಿನವಾದರೂ ಇಲ್ಲ. ಏಕೆ ಎಂದು ಕೇಳಿದಾಗ ಒಮ್ಮೆ ಹೇಳಿದ್ದಳು: "ದಣಿದೋನ ಕಣ್ಣಿಗೆ ತೋಳನೂ ನಾಯಿಯಂಗೇ ಕಾಣ್ತೈತೆ ಕಣವ್ವ." ನಾನು ಚೆನ್ನಾಗಿದೆ ಎಂದು ನಕ್ಕು ಬಂದಿದ್ದೆ.

ಲಸಿಕೆ ಹಾಕಲು ಆ ಹಟ್ಟಿಗೆ ಹೋದದ್ದು ಒಂದು ಮಂಗಳವಾರ, ಕುರಿಗಳು ಮೇಯಲು ಹೊರಡುವ ಮುಂಚೆ, ಇನ್ನೂ ಬಿಸಿಲೇರದ ಹೊತ್ತು. ಹಾಕಬೇಕಿದ್ದುದು ಪಿಪಿಆರ್ ಎಂಬ ರೋಗದ ಲಸಿಕೆ. ಅದು ಬಂದರೆ ಕುರಿಗೆ ಜ್ವರ, ಬಾಯಿ ಹುಣ್ಣು, ಮೂಗು ಸೋರಿಕೆ, ಭೇದಿ. ಮಂದೆಗೆ ಹೊಕ್ಕರೆ ಗುಡಿಸಿಕೊಂಡು ಹೋಗುತ್ತದೆ. ಆ ಸಲ ಭರಮಸಾಗರದ ದಾರಿಯಲ್ಲಿ ಯಾರದೋ ಮಂದೆಗೆ ತಗುಲಿದೆ ಎಂಬ ಸುದ್ದಿಯೂ ಇತ್ತು. ಹೀಗಾಗಿ ಹೊರಡುವ ಮುಂಚೆ ಈ ಮಂದೆಗೆ ಲಸಿಕೆ ಆಗಲೇಬೇಕಿತ್ತು. ಲಸಿಕೆ ಮೈಗೆ ಹತ್ತಿ ಬಲ ಬರಲು ಹದಿನೈದು ದಿನವಾದರೂ ಬೇಕು.

ಈ ಲಸಿಕೆ ಪುಡಿಯ ರೂಪದಲ್ಲಿ ಹೆಬ್ಬೆರಳಿನಷ್ಟು ಸೀಸೆಯಲ್ಲಿರುತ್ತದೆ. ಅದನ್ನು ಕರಗಿಸುವ ದ್ರಾವಣ ಬೇರೆ ಬಾಟಲಿಯಲ್ಲಿ. ನೂರು ಕುರಿಗೆ ಒಂದು ಸೀಸೆ, ಒಂದು ಬಾಟಲಿ. ಸ್ವಲ್ಪ ದ್ರಾವಣವನ್ನು ಸೂಜಿಯಿಂದ ಸೀಸೆಗೆ ಬಿಟ್ಟು, ಪುಡಿ ಕರಗುವವರೆಗೆ ಮೆಲ್ಲಗೆ ಆಡಿಸಿ, ಮತ್ತೆ ಎಳೆದು ಬಾಟಲಿಗೆ ಸೇರಿಸಬೇಕು. ಬೆರೆಸಿದ್ದನ್ನು ಐಸಿನ ಮೇಲಿಟ್ಟುಕೊಂಡು ಎರಡು ಗಂಟೆಯೊಳಗೆ ಮುಗಿಸಬೇಕು. ದ್ರಾವಣವೊಂದನ್ನೇ ಚುಚ್ಚಿದರೆ ಕುರಿಗೆ ನೋವು ಬಿಟ್ಟು ಬೇರೇನೂ ಸಿಗುವುದಿಲ್ಲ. ಈ ಕೆಲಸವನ್ನು ನಾನು ಕಣ್ಣು ಮುಚ್ಚಿಕೊಂಡು ಮಾಡಬಲ್ಲೆ ಎಂದು ಜಂಬ ಕೊಚ್ಚಿಕೊಂಡವಳು. ಆ ದಿನ ಹಾಗೇ ಮಾಡಿದೆ.

ಶೂ ಹಾಕಿಕೊಂಡೇ ರೊಪ್ಪಕ್ಕೆ ನುಗ್ಗುತ್ತಿದ್ದೆ. ಸಹಾಯಕರು ತೋಳು ಹಿಡಿದು ನಿಲ್ಲಿಸಿದರು. ಗಂಡಸರು ಒಂದೊಂದೇ ಕುರಿ ಹಿಡಿದು ಕೊಡುತ್ತಿದ್ದರು, ನಾನು ಗುಂಡಿ ಒತ್ತಿದರೆ ಒಂದು ಕುರಿಗೆ ಬೇಕಾದಷ್ಟೇ ಬರುವ ದೊಡ್ಡ ಸಿರಿಂಜಿನಲ್ಲಿ ಚುಚ್ಚುತ್ತಿದ್ದೆ, ಸಹಾಯಕರು ಬೆನ್ನ ಮೇಲೆ ಕಾವಿ ಬಳಿದು ಗುರುತು ಮಾಡುತ್ತಿದ್ದರು. ನಡುವೆ ಎರಡು ಸಲ ಫೋನು ಬಂತು. ಇನ್ನೊಂದು ಕೇಂದ್ರದಲ್ಲಿ ಜನ ಕಾಯುತ್ತಿದ್ದರು. ಬೇಲಿಯ ಬಳಿ ಕುಳಿತಿದ್ದ ಅಜ್ಜಿ ಕೇಳಿದಳು:

"ಯಾಕವ್ವ ಡಾಕ್ಟ್ರಮ್ಮ, ಇವತ್ತು ಕುರಿ ಮುಖಾನೇ ನೋಡ್ತಿಲ್ವಲ್ಲ?"

"ಮುಖ ನೋಡಕ್ಕೆ ಬಂದಿಲ್ಲ ಅಜ್ಜಿ, ಸೂಜಿ ಹಾಕಕ್ಕೆ ಬಂದಿದೀನಿ."

ಹಾಗೆ ಕುಟುಕಿದೆ. ಹೊರಡುವಾಗ ಅಜ್ಜಿ ಪ್ರತಿಸಲದಂತೆ ಮಜ್ಜಿಗೆ ತಂದರೆ, ಹೊತ್ತಾಯಿತು ಎಂದು ಕುಡಿಯದೆ ಸ್ಕೂಟಿ ಹತ್ತಿದೆ.

ಖಾಲಿ ಸೀಸೆ, ಬಾಟಲಿಗಳನ್ನು ಊರಿನ ಹೆಸರು ಬರೆದ ಚೀಲದಲ್ಲಿ ಹಾಕಿ ತಂದು, ಅದೇ ದಿನ ಎಣಿಸಿ, ಕುದಿಸಿ ವಿಲೇವಾರಿ ಮಾಡುವುದು ನಮ್ಮ ಕ್ರಮ. ಆ ತಿಂಗಳು ನಾನು ಆ ಕ್ರಮವನ್ನೇ ಬಿಟ್ಟಿದ್ದೆ. ಚೀಲಗಳನ್ನೆಲ್ಲ ತಂದು ಮೂಲೆಗೆ ಎಸೆಯುತ್ತಿದ್ದೆ, ನಾಳೆ ನೋಡಿದರಾಯಿತೆಂದು. ಎಂಟು ದಿನವಾದ ಮೇಲೆ ಸಹಾಯಕರು ತಾವಾಗಿಯೇ ಅವನ್ನು ತೊಳೆಯಲು ಕುಳಿತರು. ನಾನು ಮೊಬೈಲು ಕುಟ್ಟುತ್ತಿದ್ದೆ. ಅವರು ಬಂದು ಮೇಜಿನ ಮೇಲೆ ಒಂದು ಸೀಸೆ ಇಟ್ಟರು.

"ಮೇಡಮ್ಮೋರೆ, ಇದು ಒಡೆದೇ ಇಲ್ಲ."

ತಲೆಯ ಮೇಲಿನ ಅಲ್ಯೂಮಿನಿಯಂ ಮುಚ್ಚಳ ಹಾಗೇ ಇತ್ತು. ಒಳಗೆ ಬಿಳಿ ಪುಡಿ ಅಲುಗದೆ ಕೂತಿತ್ತು. ಚೀಲದ ಮೇಲೆ ನನ್ನದೇ ಅಕ್ಷರದಲ್ಲಿ ಅಜ್ಜಿಯ ಹಟ್ಟಿಯ ಹೆಸರು. ಬಾಟಲಿಗಳು ಮೂರೂ ಖಾಲಿ, ಸೀಸೆಗಳಲ್ಲಿ ಎರಡು ಮಾತ್ರ ಖಾಲಿ. ನೂರು ಕುರಿಗೆ ನಾನು ಬರೀ ದ್ರಾವಣ ಚುಚ್ಚಿ, ಕಾವಿ ಬಳಿಸಿ, ಮೊಬೈಲಿನಲ್ಲಿ ಮುನ್ನೂರು ಎಂದು ತುಂಬಿದ್ದೆ. ಯಾವ ನೂರು? ನೆನಪು ಮಾಡಿಕೊಳ್ಳಲು ಕಣ್ಣು ಮುಚ್ಚಿದೆ. ಒಂದು ಬಾಟಲಿ ಬೆರೆಸಿದ್ದೂ ನೆನಪಿಲ್ಲ, ಒಂದು ಕುರಿಯ ಮುಖವೂ ನೆನಪಿಲ್ಲ. ಆ ಬೆಳಗು ಪೂರಾ ನನ್ನ ತಲೆಯಲ್ಲಿ ಇರಲೇ ಇಲ್ಲ. ತಪ್ಪು ಮಾಡಿದ್ದಕ್ಕಿಂತ ಅದು ನನ್ನನ್ನು ಹೆಚ್ಚು ಹೆದರಿಸಿತು.

ಸಹಾಯಕರು ಬಾಗಿಲ ಕಡೆ ನೋಡಿ ತಗ್ಗಿದ ದನಿಯಲ್ಲಿ ಹೇಳಿದರು: "ಯಾರಿಗೆ ಗೊತ್ತಾಗ್ತೈತೆ ಬಿಡ್ರಿ. ಇನ್ನೊಂದು ವಾರಕ್ಕೆ ಮಂದೆ ಹೊಂಟೋಗ್ತೈತೆ. ದಾರೀಲಿ ಏನಾದ್ರೂ ಆದ್ರೆ ಸಾವಿರ ಕಾರಣ ಇರ್ತಾವೆ. ನೀವು ಬೇರೆ ಹಿಂಗೆ ಸೊರಗಿದೀರಿ, ಇದೊಂದು ನೋಟೀಸು ಬೇರೆ ಯಾಕೆ?"

ಅವರ ಮೇಲೆ ನನಗೆ ಈಗಲೂ ಬೇಸರವಿಲ್ಲ. ನನ್ನ ಮೇಲಿನ ಕರುಣೆಯಿಂದ ಆಡಿದ ಮಾತು ಅದು. ನಿಜ ಹೇಳಬೇಕೆಂದರೆ ಒಂದು ಗಳಿಗೆ ನನಗೂ ಹೌದಲ್ಲ ಅನ್ನಿಸಿತು. ಮೂರರಲ್ಲಿ ಎರಡು ಪಾಲು ಕುರಿಗೆ ಬಿದ್ದಿದೆ, ಮಂದೆ ಹೇಗೋ ಉಳಿಯಬಹುದು. ಸೀಸೆಯನ್ನು ಕುದಿಯುವ ನೀರಿಗೆ ಹಾಕಿದರೆ ಮುಗಿಯಿತು. ಅದನ್ನು ಕೈಯಲ್ಲಿ ಹಿಡಿದು ಎದ್ದೂ ಎದ್ದೆ. ಆಗ ಅಜ್ಜಿ ಕೇಳಿದ ಮಾತು ನೆನಪಾಯಿತು. ಅವಳು ಅಂದೇ ಕಂಡುಹಿಡಿದಿದ್ದಳು, ನಾನು ಕುಟುಕಿ ಬಾಯಿ ಮುಚ್ಚಿಸಿದ್ದೆ. ನಾಳೆ ಅವಳ ಕುರಿಗಳು ಮೂಗು ಸೋರಿಸಿಕೊಂಡು ಯಾವುದೋ ಊರಿನ ಬಯಲಲ್ಲಿ ಬಿದ್ದರೆ, ಡಾಕ್ಟ್ರಮ್ಮ ಸೂಜಿ ಹಾಕಿದ್ದಳಲ್ಲ ಎಂದು ಆ ಮುದುಕಿ ಇನ್ನೊಬ್ಬರಿಗೆ ಸಮಾಧಾನ ಹೇಳುತ್ತಾಳೆ. ಅದನ್ನು ನೆನೆದು ನನಗೆ ಅಳು ಬಂತು. ತಿಂಗಳುಗಟ್ಟಲೆ ಬಾರದ ಅಳು ಆ ಮೇಜಿನ ಮುಂದೆ ಬಂತು.

ವೈದ್ಯಾಧಿಕಾರಿಗಳಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಬೈಗುಳ ಕಾದುಕೊಂಡಿದ್ದೆ. ಅವರು ಕೇಳಿದ್ದು ಒಂದೇ:

"ಯಾವ ನೂರು ಅಂತ ಗೊತ್ತೇನಮ್ಮ?"

"ಗೊತ್ತಿಲ್ಲ ಸರ್. ಏನೂ ನೆನಪಿಲ್ಲ."

"ಹಂಗಾದ್ರೆ ಮುನ್ನೂರಕ್ಕೂ ಹಾಕ್ಬೇಕು. ಎರಡನೇ ಸಲ ಬಿದ್ರೆ ತೊಂದ್ರೆ ಇಲ್ಲ. ಇಲ್ಲಿ ದಾಸ್ತಾನು ಇಲ್ಲ, ಚಿತ್ರದುರ್ಗದಿಂದ ತರ್ಬೇಕು. ಇವತ್ತು ನೀನು ಹಟ್ಟಿಗೆ ಹೋಗಿ ಮಂದೆ ನಿಲ್ಲಿಸು. ನಾಳೆ ಬೆಳಗ್ಗೆ ನಾನೇ ಬರ್ತೀನಿ."

ಮಂದೆ ನಿಲ್ಲಿಸು ಎನ್ನುವುದು ಸುಲಭ. ನಿಲ್ಲಿಸಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಭರಮಸಾಗರದ ಕಡೆ ಯಾವ ಹೊಲಕ್ಕೆ ಯಾವಾಗ ಯಾರ ಮಂದೆ ಎಂದು ಮೊದಲೇ ಮಾತಾಗಿರುತ್ತದೆ. ಹತ್ತು ದಿನ ತಡವಾದರೆ ಬೇರೆ ಮಂದೆಯವರು ಬಂದು ಕೂರುತ್ತಾರೆ.

ನಾನು ಹೋದಾಗ ಅಜ್ಜಿಯ ಮಗ ದಾರಿಗೆ ಕುರಿ ಕೂಡುವ ಬಲೆ, ಗೂಟ, ಪಾತ್ರೆ ಕಟ್ಟುತ್ತಿದ್ದ. ನಿಂತುಕೊಂಡೇ ಎಲ್ಲ ಹೇಳಿದೆ. ಜೇಬಿನಿಂದ ಆ ಸೀಸೆ ತೆಗೆದು ತೋರಿಸಿದೆ. ಅವನ ಮುಖ ಕೆಂಪಾಯಿತು.

"ಅಲ್ರೀ ಮೇಡಂ, ಎಂಟು ದಿನ ಆದ್ಮೇಲೆ ಬಂದು ಹೇಳ್ತೀರಲ್ರೀ. ಅಲ್ಲಿ ಜಾಗ ಹೋದ್ರೆ ನಾವು ಎಲ್ಲಿಗೆ ಹೋಗಾಣ? ಇಲ್ಲಿ ನೋಡಿದ್ರೆ ಹುಲ್ಲು ಒಣಗೈತೆ. ನೀವು ಓದ್ದೋರು, ಒಂದು ಸೀಸೆ ಒಡೆಯೋದು ಮರೆತೆ ಅಂತೀರಿ."

"ನೀನು ಬೈಯೋದು ಸರಿಯಪ್ಪ" ಎಂದೆ.

ಅಜ್ಜಿ ಒಳಗಿಂದ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. ಮಗನ ಕಡೆ ತಿರುಗಿ, "ಬಂದು ಹೇಳವಳಲ್ಲೋ. ಹೇಳ್ದೆ ಇದ್ದಿದ್ರೆ ಏನ್ ಮಾಡ್ತಿದ್ದೆ?" ಎಂದಳು. ಆಮೇಲೆ ತಾನೇ ಸೇರಿಸಿದಳು: "ಹುಲ್ಲಿಗೆ ಗುಡ್ಡದ ಆಚೆ ಕಡೆ ಹೊಡಿ. ಹದಿನೈದು ದಿನ ತಾನೆ, ಹೆಂಗೋ ಆಗ್ತೈತೆ. ಜಾಗದೋರಿಗೆ ಫೋನ್ ಹಾಕು, ಇಂಗಿಂಗೆ ಅಂತ ಹೇಳು. ಅವರೂ ದನ ಕುರಿ ಕಂಡೋರೇ."

ಅವನು ಗೊಣಗುತ್ತಲೇ ಫೋನು ತೆಗೆದು ಗುಡ್ಡದ ಕಡೆ ನಡೆದ. ಅಜ್ಜಿ ಕಂಬಳಿ ಹಾಸಿ "ಕುಂತ್ಕ" ಎಂದಳು. ಮಜ್ಜಿಗೆ ತಂದಳು. ನಾನು ಚೊಂಬು ಹಿಡಿದುಕೊಂಡು ಕುಳಿತೆ.

"ಎಷ್ಟು ದಿನದಿಂದ ಹಿಂಗೆ?" ಎಂದು ಕೇಳಿದಳು.

"ಹೆಂಗೆ ಅಜ್ಜಿ?"

"ಕುರಿಗೆ ಕಾಯಿಲೆ ಬಂದ್ರೆ ಮೇವು ಬಿಡೋಕಿಂತ ಮುಂಚೆ ಮೆಲುಕು ಬಿಡ್ತೈತೆ. ಮೇಯ್ತಿರ್ತೈತೆ, ಮಂದೆ ಜೊತೆ ನಡೀತಿರ್ತೈತೆ, ನೋಡೋರಿಗೆ ಚೆನ್ನಾಗೇ ಐತೆ ಅನ್ನಿಸ್ತೈತೆ. ಮಲಗಿದಾಗ ನೋಡ್ಬೇಕು, ಬಾಯಿ ಆಡ್ತಿರಲ್ಲ. ನೀನೂ ಹಂಗೇ ಆಗೀಯ. ಹೋದ ಸಲ ಬಂದಾಗ್ಲೂ ನೋಡ್ದೆ, ಅದಕ್ಕಿಂತ ಮುಂಚೇನೂ ನೋಡ್ದೆ. ಕೇಳಾಣ ಅಂದ್ರೆ ಕಚ್ಚಾಕೆ ಬರ್ತಿದ್ದೆ."

ರಕ್ತ ಪರೀಕ್ಷೆಯಲ್ಲಿ ಸಿಗದ ಕಾಯಿಲೆಯನ್ನು ಅಜ್ಜಿ ರೊಪ್ಪದ ಬೇಲಿಯ ಬಳಿ ಕುಳಿತೇ ಹಿಡಿದಿದ್ದಳು. ನನಗೆ ಹೇಳಲು ಎಷ್ಟೋ ಇತ್ತು. ಸ್ಕೂಟಿಯ ಮೇಲೆ ಕೂತೇ ಇರುವುದು, ಸತ್ತ ಎಮ್ಮೆಕರು, ಎಲ್ಲ ಹೇಳಿದೆ. ಅಜ್ಜಿ ಅಯ್ಯೋ ಪಾಪ ಎನ್ನಲಿಲ್ಲ, ಬುದ್ಧಿವಾದವನ್ನೂ ಹೇಳಲಿಲ್ಲ. ಕೇಳಿ ಮುಗಿಸಿ, "ಮಜ್ಜಿಗೆ ಕುಡಿ" ಎಂದಳು. ಕುಡಿದೆ.

ಮರುದಿನ ಬೆಳಗ್ಗೆ ಸಾಹೇಬರು ಜೀಪಿನಲ್ಲಿ ಐಸ್ ಪೆಟ್ಟಿಗೆ ಇಟ್ಟುಕೊಂಡು ಬಂದರು. ನಾನು ಸಿರಿಂಜು ತೆಗೆದು ಸಿದ್ಧವಾಗುತ್ತಿದ್ದೆ. ಅಜ್ಜಿ ನನ್ನ ಮುಂದೆ ಬಂದು ನಿಂತು ಅಂಗೈ ಚಾಚಿದಳು.

"ಕೊಡು ಇಲ್ಲಿ."

"ಏನಜ್ಜಿ?"

"ನಿನ್ನ ಕೋಲು. ಸೂಜಿ."

ನಾನು ನಕ್ಕೆ. ಅವಳು ನಗಲಿಲ್ಲ. ಇದು ಸರ್ಕಾರದ ಸಾಮಾನು, ಕೊಡಲು ಬರುವುದಿಲ್ಲ ಎಂದು ಹೇಳುತ್ತಿದ್ದೆ. ಹಿಂದಿನಿಂದ ಸಾಹೇಬರು "ಕೊಡಮ್ಮ" ಎಂದರು. ಕೊಟ್ಟೆ. ಅಜ್ಜಿ ಅದನ್ನು ಒಂದು ಚೂರು ಹಳೇ ಕಂಬಳಿಯಲ್ಲಿ ಸುತ್ತಿ ಒಳಗೆ ಒಯ್ದು, ಸೂರಿನಲ್ಲಿ ಸಿಕ್ಕಿಸಿ ಬಂದಳು.

ಅವತ್ತು ಸಾಹೇಬರೇ ಪ್ಯಾಂಟು ಮಡಚಿ, ಬರಿಗಾಲಲ್ಲಿ ರೊಪ್ಪಕ್ಕೆ ಇಳಿದು, ತಮ್ಮ ಸಿರಿಂಜಿನಿಂದ ಮುನ್ನೂರಕ್ಕೂ ಹಾಕಿದರು. ಪ್ರತಿ ಸೀಸೆ ಒಡೆದಾಗಲೂ ಎತ್ತಿ ಅಜ್ಜಿಯ ಮಗನಿಗೆ ತೋರಿಸಿ, "ನೋಡ್ಕಳಪ್ಪ, ಬೆರೆಸ್ತಿದೀನಿ" ಎಂದು ಹೇಳುತ್ತಿದ್ದರು. ಸಹಾಯಕರು ಈ ಸಲ ನೀಲಿ ಬಣ್ಣ ಬಳಿದರು. ನಾನು ಕಂಬಳಿಯ ಮೇಲೆ ಕುಳಿತು ನೋಡುತ್ತಿದ್ದೆ. ಏನೂ ಮಾಡದೆ ಕೂರುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು. ಕೈಗಳನ್ನು ಎಲ್ಲಿಡಬೇಕು ಎಂದೇ ತಿಳಿಯದು.

ಕೆಲಸ ಮುಗಿಸಿ ಕೈ ತೊಳೆಯುತ್ತ ಸಾಹೇಬರು ಹೇಳಿದರು: "ನೋಟೀಸು ಕೊಡ್ಲೇಬೇಕು ನಾನು. ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಉತ್ತರ ಬರೀವಾಗ ಕೆಲಸದ ಒತ್ತಡ, ತಪ್ಪಾಯ್ತು, ಮನ್ನಿಸಿ ಅಂತ ಒಂದು ಸಾಲಲ್ಲಿ ಮುಗಿಸ್ಬೇಡ. ಎಷ್ಟು ಕೇಂದ್ರ, ಎಷ್ಟು ತಿಂಗಳು, ಏನೇನಾಯ್ತು, ಪೂರ್ತಿ ಬರಿ. ಅದನ್ನ ಇಟ್ಕೊಂಡೇ ನಾನು ಮೇಲೆ ಕೇಳ್ತೀನಿ." ಆಮೇಲೆ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ, ನನ್ನ ಕಡೆ ನೋಡದೆ ಸೇರಿಸಿದರು: "ಹೊಸದುರ್ಗದಲ್ಲಿ ಇದ್ದಾಗ ಒಂದ್ಸಲ ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿಬಿಟ್ಟೆ. ಯಾವ ಊರಿಗೆ ಹೊರಟಿದ್ದೆ ಅಂತಾನೇ ನೆನಪಾಗ್ಲಿಲ್ಲ. ಯಾರಿಗೂ ಹೇಳಿರ್ಲಿಲ್ಲ. ನಿನಗೂ ಅದೇ ಆಗ್ತೈತೆ ಅಂತ ನೋಡ್ಬೇಕಿತ್ತು, ನೋಡ್ಲಿಲ್ಲ."

ಪ್ರತಿ ಸಂಜೆ "ಇಂದಿನ ಪ್ರಗತಿ?" ಎಂದು ಕೇಳುವವರು ಈ ಮನುಷ್ಯರೇನಾ ಅನ್ನಿಸಿತು. ನಾನು ಅವರ ಬಗ್ಗೆ ಮನೆಯಲ್ಲಿ ಆಡಿದ್ದ ಮಾತುಗಳೆಲ್ಲ ನೆನಪಾಗಿ ನಾಚಿಕೆಯಾಯಿತು.

ನೋಟೀಸಿಗೆ ನಾಲ್ಕು ಪುಟ ಉತ್ತರ ಬರೆದೆ. ಬರೆಯುತ್ತ ಹೋದ ಹಾಗೆ ನನ್ನ ಸ್ಥಿತಿ ನನಗೇ ಕಾಣಿಸಿತು. ಒಂದು ಕೇಂದ್ರವನ್ನು ಬೇರೊಬ್ಬರಿಗೆ ವಹಿಸಿದರು. ಇನ್ನೊಂದಕ್ಕೆ ವಾರಕ್ಕೆ ಎರಡು ದಿನ ಸಾಹೇಬರೇ ಹೋಗುತ್ತೇನೆಂದರು. ನಾನು ರಜೆ ಹಾಕಿದೆ. ಇಷ್ಟು ವರ್ಷದಲ್ಲಿ ನನಗಾಗಿ ಹಾಕಿದ ಮೊದಲ ದೊಡ್ಡ ರಜೆ.

ಚಿತ್ರದುರ್ಗದಲ್ಲಿ ಮನೋವೈದ್ಯರೊಬ್ಬರನ್ನು ಕಂಡೆ. ಹುಚ್ಚರ ಡಾಕ್ಟರ ಹತ್ತಿರ ಹೋದಳು ಅಂತ ಯಾರಾದರೂ ಅಂದಾರು ಎಂಬ ಅಳುಕಿತ್ತು. ಆ ಡಾಕ್ಟರು, ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು, ನಿಧಾನವಾಗಿ ಕೇಳಿಸಿಕೊಂಡು ಇದಕ್ಕೆ ಬರ್ನ್‌ಔಟ್ ಅನ್ನುತ್ತಾರೆ ಎಂದರು. ಸೋಮಾರಿತನ ಅಲ್ಲ, ತಲೆ ಕೆಟ್ಟಿದ್ದೂ ಅಲ್ಲ, ಬಿಡುವಿಲ್ಲದೆ ದುಡಿದು ಮನಸ್ಸು ಬರಿದಾದದ್ದು ಎಂದರು. ನಿದ್ದೆಗೆ, ನಡಿಗೆಗೆ, ಊಟಕ್ಕೆ ಹೊತ್ತು ಗೊತ್ತು ಮಾಡಿಕೊಟ್ಟರು. ಸಂಜೆ ಏಳರ ಮೇಲೆ ಕೆಲಸದ ಗುಂಪಿನ ಸಂದೇಶ ನೋಡಬೇಡಿ ಎಂದರು. ಕೆಲವು ವಾರ ಅವರ ಬಳಿ ಹೋಗಿ ಬಂದೆ. ಹೋದಾಗಲೆಲ್ಲ ಚಂದ್ರವಳ್ಳಿಯ ಕೆರೆಯ ಬಳಿ ಒಂದಿಷ್ಟು ನಡೆದು ಬಸ್ಸು ಹತ್ತುತ್ತಿದ್ದೆ. ಮಧ್ಯೆ ಹೊಳಲ್ಕೆರೆಯ ಅಕ್ಕನ ಮನೆಗೆ ಹೋಗಿ ಮೂರು ದಿನ ಬರೀ ಮಲಗಿದೆ. ಅಕ್ಕ ಊಟಕ್ಕೆ ಎಬ್ಬಿಸುವಳು, ತಿಂದು ಮತ್ತೆ ಮಲಗುವೆ. ಅವಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅಕ್ಕಂದಿರಿಗೆ ಅದು ಹೇಗೆ ತಿಳಿಯುತ್ತದೋ.

ಹತ್ತನೆಯ ದಿನಕ್ಕೇ ನಾನು ಸರಿಹೋದೆ ಅಂದುಕೊಂಡು ಹಟ್ಟಿಗೆ ಹೋಗಿ ಸಿರಿಂಜು ಕೇಳಿದೆ. ಅಜ್ಜಿ ನನ್ನ ಮುಖವನ್ನೇ ನೋಡಿದಳು.

"ಇನ್ನೂ ಇಲ್ಲ. ಹೋಗು."

"ಅಜ್ಜಿ, ಅದು ಇಲಾಖೇದು."

"ಇರ್ಲಿ. ನಾನೇನು ತಿನ್ನಲ್ಲ."

ಸಾಹೇಬರಿಗೆ ಫೋನ್ ಮಾಡಿ ದೂರು ಹೇಳಿದರೆ ಅವರು ನಕ್ಕರು. "ದಾಸ್ತಾನು ಪುಸ್ತಕದಲ್ಲಿ ದುರಸ್ತಿಯಲ್ಲಿದೆ ಅಂತ ಬರೆದಿದ್ದೀನಮ್ಮ. ದುರಸ್ತಿ ಆಗ್ಲಿ ಬಿಡು."

ಮರುಲಸಿಕೆಯಾಗಿ ಹದಿನೈದು ದಿನ ಕಳೆದ ಮೇಲೆ ಮಂದೆ ಹೊರಟಿತು. ಮಾತಾಗಿದ್ದ ಹೊಲಗಳಲ್ಲಿ ಮೊದಲಿನವು ಕೈ ತಪ್ಪಿದ್ದವು, ಉಳಿದವರು ಕಾದಿದ್ದರು. ಹೊರಡುವಾಗ ಅಜ್ಜಿಯ ಮಗ ನನ್ನತ್ತ ತಲೆಯಾಡಿಸಿ ಹೋದ. ಮೂರು ವಾರದ ಮೇಲೆ ಅವನೇ ಫೋನ್ ಮಾಡಿದ. ಭರಮಸಾಗರದ ಕೆರೆಯ ಆಚೆ ಇಳಿದಿದ್ದ ಇನ್ನೊಂದು ಮಂದೆಗೆ ಆ ರೋಗ ಹೊಕ್ಕು ಕುರಿಗಳು ಸಾಯುತ್ತಿವೆಯಂತೆ. ಎರಡೂ ಮಂದೆ ಒಂದೇ ಕೆರೆಯಲ್ಲಿ ನೀರು ಕುಡಿದಿದ್ದವಂತೆ.

"ನಿಮ್ಮವು?" ಎಂದೆ.

"ನಮ್ಮವು ಒಂದೂ ಬಿದ್ದಿಲ್ಲ ಮೇಡಂ. ಮುಖ ಎಲ್ಲಾವುದರದ್ದೂ ನೋಡ್ದೆ. ಮೂಗು ಒಣಗೇ ಅವೆ." ಆಮೇಲೆ, "ಅವತ್ತು ಜೋರಾಗಿ ಮಾತಾಡ್ಬಿಟ್ಟೆ, ಮನಸ್ಸಿಗೆ ಹಚ್ಕಬೇಡ್ರಿ" ಎಂದ. ಫೋನಿಟ್ಟ ಮೇಲೆ ಅಡುಗೆಮನೆಯಲ್ಲೇ ಕುಳಿತು ಎಲ್ಲ ದೇವರಿಗೂ ಕೈ ಮುಗಿದೆ, ದೇವರ ಜೊತೆಗೆ ಅಜ್ಜಿಗೂ, ಸಾಹೇಬರಿಗೂ, ಆ ಸೀಸೆಯನ್ನು ತಂದು ಮೇಜಿನ ಮೇಲಿಟ್ಟ ಸಹಾಯಕರಿಗೂ.

ರಜೆ ಮುಗಿಯುವ ಹಿಂದಿನ ದಿನ ಮತ್ತೆ ಹಟ್ಟಿಗೆ ಹೋದೆ. ಸಿರಿಂಜು ಕೇಳಬಾರದು, ಮಂದೆ ಉಳಿದ ಖುಷಿಯನ್ನು ಅಜ್ಜಿಯ ಜೊತೆ ಹಂಚಿಕೊಂಡು ಬರೋಣ ಎಂದಷ್ಟೇ ಹೊರಟಿದ್ದೆ. ಹಟ್ಟಿಯಲ್ಲಿ ಉಳಿದಿದ್ದ ಮೂವತ್ತು ನಲವತ್ತು ಕುರಿಗಳು ಮೇದು ಬಂದು ರೊಪ್ಪದೊಳಗೆ ಜಾಲಿಯ ನೆರಳಲ್ಲಿ ಮಲಗಿದ್ದವು. ಅಜ್ಜಿ ಹುಣಸೆಹಣ್ಣು ಬಿಡಿಸುತ್ತ ಕುಳಿತಿದ್ದಳು. ನಾನೂ ಪಕ್ಕದಲ್ಲಿ ಕುಳಿತು ಬೀಜ ತೆಗೆಯತೊಡಗಿದೆ. ಅಕ್ಕನ ಮನೆಯ ಸುದ್ದಿ, ಅಜ್ಜಿಯ ಮಗನ ಫೋನಿನ ಸುದ್ದಿ, ಏನೇನೋ ಹರಟಿದೆವು. ಮಾತಿನ ನಡುವೆ ನಾನು ತಡೆದೆ.

"ಅಜ್ಜಿ, ಅದು ನೋಡು, ಬೇಲಿ ಕಡೆ ಮಲಗಿರೋ ಕರಿಮೋರೆ ಕುರಿ. ನಾನು ಬಂದಾಗಿನಿಂದ ನೋಡ್ತಿದೀನಿ, ಮೆಲುಕೇ ಹಾಕ್ತಿಲ್ಲ."

ಅಜ್ಜಿ ಆ ಕಡೆ ತಿರುಗಿಯೂ ನೋಡಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ಗುಡಿಸಲಿಗೆ ಹೋಗಿ, ಸೂರಿನಿಂದ ಕಂಬಳಿಯ ಸುತ್ತು ಇಳಿಸಿ ತಂದು, ನನ್ನ ಮಡಿಲಲ್ಲಿ ಇಟ್ಟಳು.

"ಬೆಳಗ್ಗಿಂದ ನಾನೂ ಅದನ್ನೇ ನೋಡ್ತಿದ್ದೆ" ಎಂದಳು. "ಹೋಗು, ಏನಾಗೈತೆ ನೋಡು."

ನಾನು ಚಪ್ಪಲಿ ಬಿಟ್ಟು ರೊಪ್ಪದೊಳಕ್ಕೆ ಹೋದೆ.